ಮೂರನೆಯ ದಿನದ ಮೇಲುಸಿರು

ತಿಪಟೂರು ಸೀಮೆಯ ಹಳೆಯ ತೋಟಗಳಲ್ಲಿ ನಾಟಿ ತೆಂಗು ನಲವತ್ತು ಅಡಿ ದಾಟಿರುವುದು ಸಾಮಾನ್ಯ. ಅಷ್ಟು ಎತ್ತರದಲ್ಲಿ ಕೈ ಜಾರಿದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡು ಸಾಕು. ಮುಟ್ಟುವ ಗಳಿಗೆಯಲ್ಲಿ ದೇಹದ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್ ಆಗಿರುತ್ತದೆ. ಉತ್ತ ನೆಲದ ಮೇಲೆ ಬಿದ್ದರೆ ಒಂದು ಲೆಕ್ಕ, ಬದುವಿನ ಕಲ್ಲಿನ ಮೇಲೆ ಬಿದ್ದರೆ ಇನ್ನೊಂದು.

ಬಿದ್ದವನು ಉಳಿದ ಎಂದಿಟ್ಟುಕೊಳ್ಳೋಣ. ತೊಡೆಮೂಳೆ ಮುರಿದಿದೆ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ತಲೆಗೆ ಪೆಟ್ಟಾಗಿಲ್ಲ, ಮಾತು ನೆಟ್ಟಗಿದೆ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ನೋಡಲು ಬಂದವರು ‘ದೇವ್ರು ದೊಡ್ಡೋನು, ಕಾಲಲ್ಲೇ ಹೋಯ್ತು’ ಎಂದು ಹಣ್ಣಿನ ಚೀಲ ಇಟ್ಟು ಹೋಗುತ್ತಾರೆ. ಮೊದಲ ದಿನ ಹೀಗೆ ಕಳೆಯುತ್ತದೆ. ಎರಡನೆಯ ರಾತ್ರಿ ಅವನಿಗೆ ನಿದ್ದೆಯಿಲ್ಲ, ಹೊದಿಕೆ ಕಿತ್ತೆಸೆಯುತ್ತಾನೆ. ಮೂರನೆಯ ಬೆಳಿಗ್ಗೆ ಹೆಂಡತಿ ಡ್ಯೂಟಿ ನರ್ಸ್ ಹತ್ತಿರ ಹೋಗಿ, ‘ಯಾಕೋ ಮೇಲುಸ್ರು ಬಿಡ್ತಾವ್ರೆ ಸಿಸ್ಟರ್, ರಾತ್ರಿಯೆಲ್ಲ ಏನೇನೋ ಮಾತಾಡ್ತಿದ್ರು’ ಅನ್ನುತ್ತಾಳೆ. ಎಣಿಸಿದರೆ ನಿಮಿಷಕ್ಕೆ 34 ಉಸಿರು. ಮೈ ಬೆಚ್ಚಗಿದೆ. ಕಂಕುಳಲ್ಲೂ ಕಣ್ಣಿನ ಕೆಳರೆಪ್ಪೆಯ ಒಳಗೂ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿವೆ.

ಇವನು ನಾನು ಕಂಡ ಒಬ್ಬ ರೋಗಿಯಲ್ಲ, ವೈದ್ಯಶಾಸ್ತ್ರದ ಪುಸ್ತಕದಿಂದ ತೆಂಗಿನ ತೋಟಕ್ಕೆ ತಂದು ನಿಲ್ಲಿಸಿದ ಮಾದರಿ. ಆದರೂ ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿದ ದಾದಿಯರಿಗೆ ಈ ಚಿತ್ರ ಹೊಸದಲ್ಲ. ಪೆಟ್ಟು ಬಿದ್ದದ್ದು ತೊಡೆಗೆ, ಸೋತದ್ದು ಶ್ವಾಸಕೋಶ. ನಡುವೆ ಎರಡು ದಿನದ ಬಿಡುವು.

ಈ ಬಿಡುವನ್ನು ಮೊದಲು ಗಟ್ಟಿಯಾಗಿ ದಾಖಲಿಸಿದವರು ಅಮೆರಿಕದ ಡೆನ್ವರ್ ನಗರದ ವೈದ್ಯರು. ಡೇವಿಡ್ ಆಶ್‌ಬಾ, ಥಾಮಸ್ ಪೆಟ್ಟಿ ಮತ್ತು ಸಂಗಡಿಗರು 1967ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳ ಕಥೆ ಬರೆದರು. ಅವರಲ್ಲಿ 7 ಮಂದಿಗೆ ಅಪಘಾತದ ಗಾಯ, 4 ಮಂದಿಗೆ ವೈರಸ್ ಸೋಂಕು, ಒಬ್ಬರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ. ಮೂಲ ಬೇರೆ ಬೇರೆ, ಕೊನೆ ಮಾತ್ರ ಒಂದೇ: ಏದುಸಿರು, ಎಷ್ಟು ಆಮ್ಲಜನಕ ಕೊಟ್ಟರೂ ನೀಲಿಗಟ್ಟುವ ತುಟಿ, ಎಕ್ಸ್‌ರೇಯಲ್ಲಿ ಎರಡೂ ಕಡೆ ಬೆಳ್ಳಗಾದ ಶ್ವಾಸಕೋಶ. ಹನ್ನೆರಡರಲ್ಲಿ 7 ಮಂದಿ ತೀರಿಕೊಂಡರು. ಈ ಸ್ಥಿತಿಗೆ ಮುಂದೆ ನಿಂತ ಹೆಸರು ಅಕ್ಯೂಟ್ ರೆಸ್ಪಿರೇಟರಿ ಡಿಸ್ಟ್ರೆಸ್ ಸಿಂಡ್ರೋಮ್. ವೈದ್ಯರ ಬಾಯಲ್ಲಿ ಅದು ಎಆರ್‌ಡಿಎಸ್.

ಇದನ್ನು ಒಂದು ಕಾಯಿಲೆ ಎಂದುಕೊಂಡರೆ ದಾರಿ ತಪ್ಪುತ್ತೇವೆ. ಬೇರೆ ಬೇರೆ ಕಾಯಿಲೆಗಳು ಕೊನೆಗೆ ಬಂದು ಸೇರುವ ಸ್ಥಿತಿ ಇದು. ಶ್ವಾಸಕೋಶದಲ್ಲಿ ಮೂವತ್ತು ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಬಿಡಿಸಿ ಹಾಸಿದರೆ ಅವುಗಳ ಮೇಲ್ಮೈ ಸುಮಾರು 70 ಚದರ ಮೀಟರ್. ಗೂಡಿನೊಳಗಿನ ಗಾಳಿಗೂ ಪಕ್ಕದ ಲೋಮನಾಳದ ರಕ್ತಕ್ಕೂ ನಡುವಿನ ಗೋಡೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತೆಳು. ಇಷ್ಟು ತೆಳುವಾದ್ದರಿಂದಲೇ ಆಮ್ಲಜನಕ ಸಲೀಸಾಗಿ ದಾಟುತ್ತದೆ. ಅದೇ ಕಾರಣಕ್ಕೆ ಗೋಡೆ ಬೇಗ ಕೆಡುತ್ತದೆ ಕೂಡ. ಉರಿಯೂತದ ರಾಸಾಯನಿಕಗಳು ತಾಗಿದಾಗ ಲೋಮನಾಳ ಸೋರುತ್ತದೆ, ಪ್ರೋಟೀನು ತುಂಬಿದ ನೀರು ಗೂಡಿಗೆ ನುಗ್ಗುತ್ತದೆ. ಗೂಡನ್ನು ಅರಳಿಸಿ ಹಿಡಿಯುವ ಸರ್ಫ್ಯಾಕ್ಟೆಂಟ್ ಎಂಬ ಲೇಪ ಕೊಚ್ಚಿಹೋಗಿ ಗೂಡುಗಳು ಮುದುಡುತ್ತವೆ. ಆಗ ರಕ್ತ ಹರಿಯುತ್ತಿದ್ದರೂ ಗಾಳಿಯನ್ನು ಮುಟ್ಟದೆ ಹಾಗೇ ವಾಪಸಾಗುತ್ತದೆ. ಹೊರಗಿನಿಂದ ಆಮ್ಲಜನಕ ಹೆಚ್ಚಿಸಿದರೂ ಏರಬೇಕಾದಷ್ಟು ಏರದಿರುವುದು ಇದರಿಂದಲೇ.

ತೊಡೆಮೂಳೆ ಮುರಿದರೆ ಇಲ್ಲಿಗೇಕೆ ಬಂತು? ಉದ್ದ ಮೂಳೆಯೊಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬಿರುತ್ತದೆ. ಮೂಳೆ ಮುರಿದಾಗ ಕೊಬ್ಬಿನ ಹನಿಗಳು ಹರಿದ ಅಭಿಧಮನಿಗಳಿಗೆ ನುಸುಳುತ್ತವೆ. ಮೈಯ ಅಭಿಧಮನಿಗಳ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು ಅಲ್ಲಿಂದ ಶ್ವಾಸಕೋಶಕ್ಕೇ ಹೋಗುವುದರಿಂದ ಆ ಹನಿಗಳು ಸಿಕ್ಕಿಕೊಳ್ಳುವ ಮೊದಲ ಜಾಗ ಅದೇ. ಸಿಕ್ಕಿಕೊಂಡ ಕೊಬ್ಬು ನಿಧಾನಕ್ಕೆ ಒಡೆದು ಕೊಬ್ಬಿನಾಮ್ಲವಾಗಿ ಲೋಮನಾಳವನ್ನು ಸುಡುತ್ತದೆ ಎಂಬುದು ಒಂದು ಮುಖ್ಯ ವಿವರಣೆ. 24ರಿಂದ 72 ಗಂಟೆಯ ಬಿಡುವಿಗೆ ಅದು ಹೊಂದುತ್ತದೆ. ಗೊಂದಲದ ಮಾತು, ಕಂಕುಳ ಚುಕ್ಕೆ, ಏದುಸಿರು ಮೂರೂ ಕೂಡಿದರೆ ವೈದ್ಯರು ಫ್ಯಾಟ್ ಎಂಬಾಲಿಸಂ ಎಂದು ಶಂಕಿಸುತ್ತಾರೆ.

ಹಾಗಾದರೆ ಚಿಕಿತ್ಸೆ ಶುರುವಾಗಬೇಕಾದದ್ದು ಮರದ ಬುಡದಲ್ಲಿ. ಮುರಿದ ತೊಡೆ ಅಲುಗಾಡಿದಷ್ಟೂ ಮಜ್ಜೆ ರಕ್ತಕ್ಕೆ ಸೇರುತ್ತದೆ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಗೂಡ್ಸ್ ಆಟೊಗೆ ಹಾಕಿಕೊಂಡು ಹೊಂಡಬಿದ್ದ ತೋಟದ ದಾರಿಯಲ್ಲಿ ಓಡಿಸುವುದನ್ನು ಕಂಡವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು. ಒಣಗಿದ ಗರಿಯ ನೇರವಾದ ಮಟ್ಟೆ ತೋಟದಲ್ಲಿ ಬಿದ್ದೇ ಇರುತ್ತದೆ. ತೊಡೆಯ ಎರಡು ಪಕ್ಕಕ್ಕೆ ಅದನ್ನಿಟ್ಟು ಪಂಚೆಯಿಂದ ಕಟ್ಟಿ, ಎರಡೂ ಕಾಲನ್ನು ಜೋಡಿಸಿ ಬಿಗಿದು, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಬೆನ್ನುಹುರಿಗೂ ಪೆಟ್ಟಾಗಿದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಆಮೇಲೆ ಪುತ್ತೂರು ಕಟ್ಟು ಹಾಕಿಸೋಣವೋ ಆಪರೇಷನ್ನೋ ಎಂಬ ಚರ್ಚೆ ಮನೆಮಂದಿಯಲ್ಲಿ ಏಳುವುದುಂಟು. ಸಣ್ಣ ಮೂಳೆಯ ಮಾತು ಬೇರೆ, ತೊಡೆಮೂಳೆಯ ವಿಷಯದಲ್ಲಿ ಆ ಚರ್ಚೆಗೆ ಸಮಯವಿಲ್ಲ. 1989ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ತೊಡೆಮೂಳೆ ಮುರಿದ 178 ಮಂದಿಯ ಅಧ್ಯಯನ ಪ್ರಕಟಿಸಿತು. ಮೈತುಂಬ ಪೆಟ್ಟಾಗಿದ್ದವರಲ್ಲಿ 24 ಗಂಟೆಯೊಳಗೆ ಮೂಳೆ ಕೂಡಿಸಿಕೊಂಡವರಿಗೆ, ಎರಡು ದಿನ ಬಿಟ್ಟು ಕೂಡಿಸಿಕೊಂಡವರಿಗಿಂತ ಶ್ವಾಸಕೋಶದ ತೊಡಕು ಕಡಿಮೆಯಿತ್ತು.

ತೆಂಗಿನ ಸೀಮೆಯಲ್ಲಿ ಈ ಸ್ಥಿತಿಗೆ ತಲುಪಿಸುವ ಇನ್ನೊಂದು ದಾರಿ ಜ್ವರ. ನ್ಯುಮೋನಿಯಾ, ಡೆಂಗಿ, ಇಲಿಜ್ವರ, 2009ರಲ್ಲಿ ಬಂದ ಎಚ್1ಎನ್1, ಆಮೇಲೆ ಕೋವಿಡ್. ಎಲ್ಲರಿಗೂ ಗೊತ್ತಿರುವ ಇವುಗಳನ್ನು ಬಿಟ್ಟು, ಗೊತ್ತಿಲ್ಲದ ಒಂದರ ಬಗ್ಗೆ ಹೇಳುತ್ತೇನೆ.

ನುಸಿ ಎಂದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಾರರಿಗೆ ನೆನಪಾಗುವುದು ಎಳೆಗಾಯಿಯ ತೊಟ್ಟಿನಡಿ ಕೂತು ರಸ ಹೀರಿ ಕಾಯಿಯನ್ನು ಸಣ್ಣದು ಮಾಡಿದ ಪೀಡೆ. ಕೇರಳದಲ್ಲಿ 1998ರಲ್ಲಿ ಕಾಣಿಸಿಕೊಂಡು ಬಹುಬೇಗ ನಮ್ಮ ಕಡೆಗೂ ಹಬ್ಬಿತು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಜೀವಿಗೆ ದೂರದ ನೆಂಟ ಇನ್ನೊಂದು ನುಸಿಯಿದೆ. ಇಲಿ ಹೆಗ್ಗಣಗಳ ಮೈಮೇಲೆ, ಪೊದೆಯಲ್ಲಿ, ಬದುವಿನ ಹುಲ್ಲಿನಲ್ಲಿ ಇರುವ ಇದರ ಮರಿ ಮನುಷ್ಯನನ್ನು ಕಚ್ಚಿದರೆ ಓರಿಯೆಂಟಿಯಾ ಸುಟ್ಸುಗಮುಶಿ ಎಂಬ ಬ್ಯಾಕ್ಟೀರಿಯಾ ಮೈಗೆ ಸೇರಬಹುದು. ಇದರಿಂದ ಬರುವ ಜ್ವರ ಸ್ಕ್ರಬ್ ಟೈಫಸ್. ಮಳೆಗಾಲ ಮುಗಿದು ಹುಲ್ಲು ಎದೆಮಟ್ಟ ನಿಂತಾಗ, ದನಕ್ಕೆ ಮೇವು ಕೊಯ್ಯುವ, ತೋಟದಲ್ಲಿ ಬಿದ್ದ ಕಾಯಿ ಆಯುವ ಹೆಂಗಸರಿಗೆ ತಗಲುವ ಸಾಧ್ಯತೆ ಹೆಚ್ಚು. ಕರ್ನಾಟಕದ ಹಲವು ಜಿಲ್ಲೆಗಳಿಂದ ಇದು ವರದಿಯಾಗಿದೆ.

ಕಚ್ಚಿದ್ದು ಗೊತ್ತಾಗುವುದಿಲ್ಲ. ಒಂದೆರಡು ವಾರಕ್ಕೆ ಜ್ವರ, ತಲೆನೋವು, ಮೈಕೈ ನೋವು. ವೈರಲ್ ಎಂದು ಮಾತ್ರೆ ನುಂಗುತ್ತ ಒಂದು ವಾರ ಕಳೆದು, ಎರಡನೆಯ ವಾರ ಏದುಸಿರು ಶುರುವಾಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಈ ಜ್ವರದಿಂದ ಸೇರಿದವರ ಒಂದು ದೊಡ್ಡ ಅಧ್ಯಯನದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನರಿಗೆ ಎಆರ್‌ಡಿಎಸ್ ಆಗಿತ್ತು. ಸುಳಿವು ಮೈಮೇಲೇ ಇರಬಹುದು: ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ನೋವಿಲ್ಲ, ತುರಿಕೆಯಿಲ್ಲ. ಇರುವ ಜಾಗ ಕಂಕುಳು, ತೊಡೆಸಂದು, ಎದೆಯ ಕೆಳಗಿನ ಮಡಿಕೆ, ಉಡಿದಾರದ ಅಡಿ. ಅರ್ಧಕ್ಕರ್ಧ ರೋಗಿಗಳಲ್ಲಿ ಅದೂ ಸಿಗುವುದಿಲ್ಲ, ಸಿಗುವವರಲ್ಲೂ ಬಟ್ಟೆ ಸರಿಸಿ ಹುಡುಕಿದರೆ ಮಾತ್ರ. ಹೆಂಗಸರ ವಾರ್ಡಿನಲ್ಲಿ ಸಂಕೋಚದಿಂದ ಆ ಹುಡುಕಾಟವೇ ನಡೆಯದಿರುವುದು ದೊಡ್ಡ ನಷ್ಟ. ಔಷಧಿಗೆ ಬರವಿಲ್ಲ. ಡಾಕ್ಸಿಸೈಕ್ಲಿನ್ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವ ಅಗ್ಗದ ಮದ್ದು. ವೆಲ್ಲೂರಿನವರ ಮುಂದಾಳತ್ವದಲ್ಲಿ ಭಾರತದ 7 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಯಿಲೆ ತೀವ್ರಗೊಂಡ 794 ಮಂದಿಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಅಥವಾ ಎರಡನ್ನೂ ರಕ್ತನಾಳದ ಮೂಲಕ ಕೊಟ್ಟು ಹೋಲಿಸಿದರು. ಸಾವು, ಏಳನೆಯ ದಿನವೂ ಉಳಿದ ತೊಡಕು, ಐದನೆಯ ದಿನವೂ ಇಳಿಯದ ಜ್ವರ ಇವನ್ನೆಲ್ಲ ಒಟ್ಟು ಹಿಡಿದರೆ ಒಂದೇ ಔಷಧಿ ಪಡೆದವರಲ್ಲಿ ಶೇಕಡ 47–48, ಎರಡನ್ನೂ ಪಡೆದವರಲ್ಲಿ ಶೇಕಡ 33. ವೆಂಟಿಲೇಟರ್ ಎಷ್ಟೇ ಚೆನ್ನಾಗಿ ನಡೆಸಿದರೂ ಈ ಮದ್ದು ಹೋಗದಿದ್ದರೆ ರೋಗಿ ಉಳಿಯುವುದು ಕಷ್ಟ. ಆದ್ದರಿಂದಲೇ ಏದುಸಿರಿನ ಮುಂದೆ ನಿಂತ ವೈದ್ಯ ಮೊದಲು ಕೇಳಿಕೊಳ್ಳಬೇಕಾದದ್ದು ‘ಎಷ್ಟು ಆಮ್ಲಜನಕ’ ಎಂದಷ್ಟೇ ಅಲ್ಲ, ‘ಇವರು ಇಲ್ಲಿಗೆ ಬಂದದ್ದು ಯಾವ ದಾರಿಯಿಂದ’ ಎಂದು.

ವಿಷದ ದಾರಿಯೂ ಇದೆ. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಡಬ್ಬಿಗಳು ಕೈಗೆಟಕುವಲ್ಲೇ ಇರುತ್ತವೆ. ಆರ್ಗನೊಫಾಸ್ಫೇಟ್ ವಿಷ ಸೇರಿದವರು ವಾಂತಿಯನ್ನು ಶ್ವಾಸಕೋಶಕ್ಕೆ ಎಳೆದುಕೊಂಡು ಈ ಸ್ಥಿತಿಗೆ ಬರುತ್ತಾರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮಾತ್ರ ಬೇರೆಯೇ ಬಗೆ: ಶ್ವಾಸಕೋಶದ ಜೀವಕೋಶಗಳು ಅದನ್ನು ತಾವಾಗಿಯೇ ಒಳಗೆಳೆದುಕೊಳ್ಳುತ್ತವೆ, ಹೆಚ್ಚಿನ ಆಮ್ಲಜನಕ ಅದರ ಸುಡುವಿಕೆಯನ್ನು ಹೆಚ್ಚಿಸುತ್ತದೆ, ಪ್ರತ್ಯೌಷಧ ಇಲ್ಲ. ಡಬ್ಬಿಯನ್ನು ರೋಗಿಯ ಜೊತೆಗೇ ಆಸ್ಪತ್ರೆಗೆ ತರಬೇಕು ಅನ್ನುವುದು ಅದಕ್ಕೇ. ಡಬ್ಬಿಗಳಿಗೆ ಬೀಗ ಬೀಳಬೇಕು. ಬದುಕು ಬೇಡವೆನಿಸಿದವರಿಗೆ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತದೆ.

ಗುರುತಿಸುವುದು ಸುಲಭ ಅನ್ನಿಸಬಹುದು, ಅಲ್ಲ. 2014ರಲ್ಲಿ 50 ದೇಶಗಳ 459 ಐಸಿಯುಗಳಲ್ಲಿ ಏಕಕಾಲಕ್ಕೆ ನಡೆದ ‘ಲಂಗ್ ಸೇಫ್’ ಅಧ್ಯಯನ ಕಂಡುಕೊಂಡದ್ದು ಇದು: ಸೌಮ್ಯ ಹಂತದ ಎಆರ್‌ಡಿಎಸ್ ಇದ್ದವರಲ್ಲಿ ಅರ್ಧದಷ್ಟು ಮಂದಿಯ ಸ್ಥಿತಿಯನ್ನು ಅಲ್ಲಿನ ವೈದ್ಯರು ಗುರುತಿಸಿರಲಿಲ್ಲ. ತೀವ್ರ ಹಂತದಲ್ಲೂ ಐವರಲ್ಲಿ ಒಬ್ಬರು ತಪ್ಪಿಹೋಗಿದ್ದರು. ಇವು ಸಕಲ ಸಲಕರಣೆಯ ಐಸಿಯುಗಳು. ಕೊರತೆ ಯಂತ್ರದ್ದಲ್ಲ ಎಂದಾಯಿತು.

ಉಸಿರು ಎಣಿಸುವುದಕ್ಕೆ ಕೈಗಡಿಯಾರ ಸಾಕು. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 24 ದಾಟಿದರೆ ಎಚ್ಚರ, 30 ದಾಟಿದರೆ ಗಂಡಾಂತರ. ಆದರೆ ಎಷ್ಟೋ ಕೇಸ್ ಶೀಟುಗಳಲ್ಲಿ ವಾರ್ಡಿನ ಎಲ್ಲ ರೋಗಿಗಳೂ ಹೊತ್ತುಹೊತ್ತಿಗೂ ಸರಿಯಾಗಿ 18 ಅಥವಾ 20 ಸಲ ಉಸಿರಾಡುತ್ತಿರುತ್ತಾರೆ! ಬಿಪಿಯನ್ನು ಯಂತ್ರ ಹೇಳುತ್ತದೆ, ನಾಡಿಯನ್ನು ಯಂತ್ರ ಹೇಳುತ್ತದೆ, ಉಸಿರನ್ನು ಮಾತ್ರ ಮನುಷ್ಯರು ಒಂದಿಡೀ ನಿಮಿಷ ನಿಂತು ನೋಡಬೇಕು. ಆ ಒಂದು ನಿಮಿಷವನ್ನು ಯಾರೂ ಕೊಡುವುದಿಲ್ಲ. ಎದುರಿಗೇ ಎಣಿಸುತ್ತೇನೆಂದರೆ ರೋಗಿ ಉಸಿರು ಬದಲಿಸುತ್ತಾನೆ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು ಎದೆಯತ್ತ ಕಣ್ಣಿಡುವುದು ಹಳೆಯ ನರ್ಸಮ್ಮಂದಿರ ಉಪಾಯ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇನ್ನೊಂದು ಕಣ್ಣು. ಅದರ ತತ್ವವನ್ನು ಕಂಡುಕೊಂಡವರು ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ, 1970ರ ದಶಕದ ಆರಂಭದಲ್ಲಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತು ಅವರ ಸಾಧನಕ್ಕಾಗಿ ಮುಗಿಬಿದ್ದಿದ್ದ ತಿಂಗಳಲ್ಲಿ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರ ಚೀಲಕ್ಕೆ ಆಕ್ಸಿಮೀಟರ್ ಬಂದದ್ದೂ ಅದೇ ಸುಮಾರಿಗೆ. ಉಸಿರಿನ ಸಂಕಟವೇ ಇಲ್ಲದೆ ಮಾತಾಡುತ್ತ ಕೂತವರ ಬೆರಳು 80 ತೋರಿಸಿದ್ದನ್ನು ಆ ದಿನಗಳಲ್ಲಿ ಎಷ್ಟೋ ಮನೆಯವರು ನೋಡಿದರು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ಕೆಡುತ್ತದೆ ಎಂಬ ಎಚ್ಚರವೂ ಬೇಕು.

ಬರ್ಲಿನ್‌ನಲ್ಲಿ ರೂಪುಗೊಂಡು 2012ರಲ್ಲಿ ಪ್ರಕಟವಾದ ವ್ಯಾಖ್ಯೆ ಕೇಳುವುದು ನಾಲ್ಕು ಮಾತು: ಮೂಲ ಕಾರಣ ಘಟಿಸಿದ ಒಂದು ವಾರದೊಳಗೆ ಶುರುವಾಗಿರಬೇಕು, ಚಿತ್ರದಲ್ಲಿ ಎರಡೂ ಶ್ವಾಸಕೋಶ ಮಸುಕಾಗಿರಬೇಕು, ಆ ನೀರು ಹೃದಯದ ಸೋಲಿನಿಂದಲೇ ಬಂದದ್ದಾಗಿರಬಾರದು, ಅಪಧಮನಿಯ ರಕ್ತದ ಆಮ್ಲಜನಕ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿದರೆ 300 ಅಥವಾ ಕಡಿಮೆ ಬರಬೇಕು, ಅದೂ ಯಂತ್ರ ಒಂದು ಮಟ್ಟದ ಒತ್ತಡ ಕೊಡುತ್ತಿರುವಾಗ. ಕೊನೆಯದಕ್ಕೆ ರಕ್ತಪರೀಕ್ಷೆಯ ಯಂತ್ರವೂ ವೆಂಟಿಲೇಟರೂ ಬೇಕು. ಎರಡೂ ಇಲ್ಲದ ಊರಿನಲ್ಲಿ ಈ ಸ್ಥಿತಿಯೇ ಇಲ್ಲವೇ? ರುವಾಂಡಾದ ಕಿಗಾಲಿ ನಗರದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ತಂಡ 2016ರಲ್ಲಿ ಈ ಪ್ರಶ್ನೆ ಎತ್ತಿತು. ಬರ್ಲಿನ್ ಅಳತೆಯಲ್ಲಿ ಅವರಿಗೆ ಒಬ್ಬ ರೋಗಿಯೂ ಸಿಗಲಿಲ್ಲ. ಎಕ್ಸ್‌ರೇ ಬದಲು ಅಲ್ಟ್ರಾಸೌಂಡ್, ರಕ್ತದ ಬದಲು ಬೆರಳಿನ ಅಂಕಿ ಎಂದು ಬದಲಿಸಿಕೊಂಡಾಗ 42 ಮಂದಿ ಸಿಕ್ಕರು. ಅವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಈಚಿನ ಜಾಗತಿಕ ವ್ಯಾಖ್ಯೆ ಕಿಗಾಲಿಯ ದಾರಿಯನ್ನು ಒಪ್ಪಿಕೊಂಡಿದೆ. ನನ್ನ ಮಟ್ಟಿಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬರ್ಲಿನ್‌ಗಿಂತ ಕಿಗಾಲಿ ಹತ್ತಿರ.

ಲೆಕ್ಕ ಹೀಗೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 5 ಲೀಟರ್ ಆಮ್ಲಜನಕ ಹೋಗುತ್ತಿದ್ದರೆ ಒಳಗೆ ಹೋಗುವ ಗಾಳಿಯಲ್ಲಿ ಅದರ ಪಾಲು ಅಂದಾಜು ಶೇಕಡ 40, ಅಂದರೆ 0.4. ಬೆರಳಿನ ಅಂಕಿ 92 ಇದ್ದರೆ 92 ಭಾಗಿಸು 0.4, ಬಂದದ್ದು 230. ಗೆರೆ ಇರುವುದು 315ರಲ್ಲಿ. ಆಮ್ಲಜನಕ ಹಾಕಿದ ಮೇಲೆ 92 ಬಂತಲ್ಲ, ಪರವಾಗಿಲ್ಲ ಎಂದು ಸುಮ್ಮನಿದ್ದವರು ಈ ಭಾಗಾಕಾರ ಮಾಡಿದ್ದರೆ ಆಗಲೇ ಫೋನ್ ಎತ್ತುತ್ತಿದ್ದರು.

ಫೋನ್ ಎತ್ತಿದ ಮೇಲೆ ರಸ್ತೆ. ತಿಪಟೂರಿನಿಂದ ತುಮಕೂರಿಗೆ ಸುಮಾರು 75 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಇನ್ನೂ 70. ಆಂಬುಲೆನ್ಸಿನಲ್ಲಿ ಇರುವ ಬಿ ಟೈಪ್ ಸಿಲಿಂಡರು ಹಿಡಿಯುವುದು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ, 15 ಬಿಟ್ಟರೆ 100 ನಿಮಿಷ. ನೆಲಮಂಗಲ, ಯಶವಂತಪುರದ ದಟ್ಟಣೆ ದಾಟಿ, ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಖಾಲಿಯಿದೆಯೋ ಎಂದು ವಿಚಾರಿಸಿಕೊಳ್ಳುವ ಅರ್ಧ ಗಂಟೆ ಸೇರಿಸಿದರೆ ಒಂದು ಸಿಲಿಂಡರು ಸಾಲದು. ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡು: ಸಿಲಿಂಡರ್ ಎಷ್ಟಿವೆ, ಆ ಕಡೆ ಹಾಸಿಗೆ ಖಚಿತವಾಯಿತೆ.

ಆಸ್ಪತ್ರೆಯೊಳಗೂ ಇದೇ ಗಣಿತ. ಮೂಗಿನ ಮೂಲಕ ರಭಸವಾಗಿ ಗಾಳಿ ನುಗ್ಗಿಸುವ ಹೈ ಫ್ಲೋ ಯಂತ್ರವನ್ನು ನಿಮಿಷಕ್ಕೆ 60 ಲೀಟರಿಗೆ, ಶೇಕಡ 60 ಆಮ್ಲಜನಕಕ್ಕೆ ಇಟ್ಟರೆ ಶುದ್ಧ ಆಮ್ಲಜನಕ ನಿಮಿಷಕ್ಕೆ 30 ಲೀಟರ್ ಬೇಕು. 7000 ಲೀಟರಿನ ಜಂಬೊ ಸಿಲಿಂಡರು ಒಬ್ಬ ರೋಗಿಗೆ ನಾಲ್ಕು ಗಂಟೆಯೂ ಬರುವುದಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದಾಗ ಏನಾಯಿತೆಂದು ನಾಡಿಗೇ ಗೊತ್ತು. ಬೆಳಗಾಗುವ ಹೊತ್ತಿಗೆ ಸುದ್ದಿಯಾದದ್ದು 24 ಸಾವು, ಹೈಕೋರ್ಟ್ ನೇಮಿಸಿದ ಸಮಿತಿ ತನಿಖೆ ನಡೆಸಿತು. ಆಮ್ಲಜನಕವೂ ಲೆಕ್ಕವಿಟ್ಟು ಕಾಯಬೇಕಾದ ಔಷಧಿಯೆಂದು ನಮ್ಮ ಆಡಳಿತ ಕಲಿತದ್ದು ಇಷ್ಟು ದುಬಾರಿ ಪಾಠದಿಂದ.

ಅದೇ ಕೋವಿಡ್ ಕಾಲದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. 2020ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಬೆಂಗಳೂರಿನ ತಜ್ಞರನ್ನೂ ಜಿಲ್ಲಾ ಆಸ್ಪತ್ರೆಗಳ ಐಸಿಯುಗಳನ್ನೂ ವಿಡಿಯೊ ಮೂಲಕ ಜೋಡಿಸಿ, ದಿನವೂ ಒಬ್ಬೊಬ್ಬ ರೋಗಿಯ ಬಗ್ಗೆ ಚರ್ಚಿಸುವ ಟೆಲಿ-ಐಸಿಯು ನಡೆಸಿತು. ಎಆರ್‌ಡಿಎಸ್ ವಿಷಯದಲ್ಲಿ ಇದರ ಬೆಲೆ ದೊಡ್ಡದು, ಯಾಕೆಂದರೆ ಇಲ್ಲಿ ವೆಂಟಿಲೇಟರ್ ಇರುವುದಕ್ಕಿಂತ ಅದನ್ನು ತಡೆದು ನಡೆಸುವುದು ಮುಖ್ಯ.

ಮಂಡಿಯಲ್ಲಿ ಕೂರುವ ಕೊಬ್ಬರಿ ವರ್ತಕರೊಬ್ಬರು 165 ಸೆಂ.ಮೀ. ಎತ್ತರ, 90 ಕೆ.ಜಿ. ತೂಕ ಎನ್ನೋಣ. ನಮ್ಮ ಮರ ಹತ್ತುವವನೂ ಅಷ್ಟೇ ಎತ್ತರ, ತೂಕ 52. ಯಾರ ಶ್ವಾಸಕೋಶ ದೊಡ್ಡದು? ಇಬ್ಬರದೂ ಒಂದೇ. ಶ್ವಾಸಕೋಶ ಎತ್ತರವನ್ನು ನೋಡಿ ಬೆಳೆಯುತ್ತದೆ, ಹೊಟ್ಟೆಯನ್ನು ನೋಡಿ ಅಲ್ಲ. ಎತ್ತರದಿಂದ ಲೆಕ್ಕ ಹಾಕಿದರೆ ಇಬ್ಬರ ನಿರೀಕ್ಷಿತ ತೂಕವೂ 61.5 ಕೆ.ಜಿ. ಕೆ.ಜಿ.ಗೆ 6 ಮಿಲಿಲೀಟರಿನಂತೆ ಒಂದು ಉಸಿರಿಗೆ 370 ಮಿ.ಲೀ. ಸಾಕು. ಹಿಂದೆ ಕೆ.ಜಿ.ಗೆ 10, 12, ಕೆಲವೊಮ್ಮೆ 15 ಮಿ.ಲೀ. ಕೊಡುವುದು ರೂಢಿಯಿತ್ತು. ವರ್ತಕರಿಗೆ ತೂಗಿದ ತೂಕ ಹಿಡಿದು 12ರಂತೆ ಕೊಟ್ಟರೆ ಒಂದು ಉಸಿರಿಗೆ 1080 ಮಿ.ಲೀ.! ರಕ್ತದ ಅಂಕಿಗಳು ಆಗ ಚೆಂದ ಕಾಣುತ್ತಿದ್ದವು, ರೋಗಿಗಳು ಸಾಯುತ್ತಿದ್ದರು.

ಯಾಕೆಂಬುದು 1980ರ ದಶಕದಲ್ಲಿ ಇಟಲಿಯ ಲುಚಾನೊ ಗಟ್ಟಿನೋನಿ ತೆಗೆದ ಸಿಟಿ ಚಿತ್ರಗಳಿಂದ ಗೊತ್ತಾಯಿತು. ಶ್ವಾಸಕೋಶದಲ್ಲಿ ಗಾಳಿಯಾಡುವ ಭಾಗ ಐದಾರು ವರ್ಷದ ಮಗುವಿನದಷ್ಟೇ ಉಳಿದಿರುತ್ತದೆ. ದೊಡ್ಡವರ ಉಸಿರನ್ನು ಅದಕ್ಕೆ ತುರುಕಿದರೆ ಉಳಿದದ್ದೂ ಹಿಗ್ಗಿ ಹರಿಯುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 861 ಮಂದಿಯಲ್ಲಿ 12 ಮತ್ತು 6 ಮಿ.ಲೀ. ಹೋಲಿಸಿದಾಗ ಸಾವು ಶೇಕಡ 39.8ರಿಂದ 31ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಗುಂಡಿಯನ್ನು ಕಡಿಮೆಗೆ ತಿರುಗಿಸಿದ್ದು ಅಷ್ಟೇ. ಅದರ ಜೊತೆಗೆ ಉಸಿರಿನ ಕೊನೆಯ ಒತ್ತಡ 30 ಸೆಂ.ಮೀ. ನೀರಿನಷ್ಟನ್ನು ದಾಟಬಾರದು, ಬೆರಳಿನ ಅಂಕಿ 88ರಿಂದ 95ರೊಳಗೆ ಇದ್ದರೆ ಸಾಕು, ರಕ್ತದ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಏರಿದರೂ ಸಹಿಸಿಕೊಳ್ಳಬಹುದು. ಪಕ್ಕದಲ್ಲಿ ನಿಂತ ಮಗನಿಗೆ ‘ಯಾಕೆ ಡಾಕ್ಟ್ರೇ, ನೂರಕ್ಕೆ ಏರಿಸಬಾರದಾ?’ ಎನ್ನಿಸುವುದು ಸಹಜ. ಏರಿಸಬಹುದು, ಅದಕ್ಕೆ ತೆರುವ ಬೆಲೆ ಶ್ವಾಸಕೋಶದ್ದು. ಇಷ್ಟೆಲ್ಲಕ್ಕೂ ಮೊದಲು ಬೇಕಾದದ್ದು ರೋಗಿಯ ಎತ್ತರ. ಐಸಿಯುವಿನ ಅತಿ ಅಗ್ಗದ ಉಪಕರಣ ದರ್ಜಿಯ ಟೇಪು, ಮತ್ತು ಅದು ಅನೇಕ ಕಡೆ ಇರುವುದಿಲ್ಲ.

ಡ್ರಿಪ್ಪಿನ ವಿಷಯವೂ ಹೀಗೇ. ನಮ್ಮ ಊರುಗಳಲ್ಲಿ ಬಾಟಲಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ರಕ್ತ ಸೋರಿದವನಿಗೆ ಮೊದಲ ಗಂಟೆಗಳಲ್ಲಿ ಬಾಟಲಿ, ರಕ್ತ ಎಲ್ಲವೂ ಬೇಕೇ ಬೇಕು. ಬಿಪಿ ಸ್ಥಿರವಾದ ಮೇಲೂ ಮೂರನೆಯ ದಿನ ಹನಿಸುತ್ತಲೇ ಇದ್ದರೆ ಆ ನೀರು ಸೋರುವ ಲೋಮನಾಳದಿಂದ ನೇರ ಗಾಳಿಗೂಡಿಗೆ. 2006ರಲ್ಲಿ ಪ್ರಕಟವಾದ 1000 ರೋಗಿಗಳ ಪ್ರಯೋಗದಲ್ಲಿ ನೀರು ಬಿಗಿಹಿಡಿದವರು ವೆಂಟಿಲೇಟರಿನಿಂದ ಬೇಗ ಹೊರಬಂದರು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಮೂತ್ರಪಿಂಡಕ್ಕೆ ಹೆಚ್ಚಿನ ತೊಂದರೆಯೂ ಆಗಲಿಲ್ಲ.

ಇನ್ನು ಬೋರಲು ಮಲಗಿಸುವುದು. ನೆನೆದ ಗೋಣಿಚೀಲಗಳನ್ನು ಒಟ್ಟಿದರೆ ಅಡಿಯ ಚೀಲ ಅಪ್ಪಚ್ಚಿಯಾಗುವಂತೆ, ನೀರು ತುಂಬಿದ ಶ್ವಾಸಕೋಶ ತನ್ನ ಭಾರಕ್ಕೆ ತಾನೇ ಕೆಳಭಾಗವನ್ನು ಅದುಮುತ್ತದೆ. ಅಂಗಾತ ಮಲಗಿದವರಲ್ಲಿ ಅದುಮಿಸಿಕೊಳ್ಳುವುದು ಬೆನ್ನಿನ ಕಡೆಯದು, ಶ್ವಾಸಕೋಶದ ದೊಡ್ಡ ಪಾಲು ಇರುವುದೂ ಅಲ್ಲೇ. ಮಗುಚಿದರೆ ಆ ಭಾಗ ಅರಳುತ್ತದೆ, ರಕ್ತ ಗಾಳಿಯನ್ನು ಮುಟ್ಟುತ್ತದೆ. ಇದು 1970ರ ದಶಕದಿಂದ ಗೊತ್ತಿತ್ತು. ದಿನಕ್ಕೆ ಏಳೆಂಟು ಗಂಟೆ ಮಗುಚಿ ನೋಡಿ, ಸಾವು ಕಡಿಮೆಯಾಗಲಿಲ್ಲವೆಂದು ಹಲವರು ಕೈಬಿಟ್ಟಿದ್ದರು. ಫ್ರಾನ್ಸಿನ ಕ್ಲೋಡ್ ಗೆರಾನ್ ತಂಡ ಕನಿಷ್ಠ 16 ಗಂಟೆ ಮಗುಚಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತೀವ್ರ ಸ್ಥಿತಿಯ 466 ಮಂದಿಯಲ್ಲಿ 28 ದಿನದ ಸಾವು ಶೇಕಡ 32.8ರಿಂದ 16ಕ್ಕೆ ಇಳಿದಿತ್ತು. ಮಗುಚಲು ನಾಲ್ಕೈದು ಜನ ಬೇಕು: ಒಬ್ಬರು ತಲೆ ಮತ್ತು ವೆಂಟಿಲೇಟರಿನ ನಳಿಕೆಗೆ, ಉಳಿದವರು ಮೈಗೆ. ನಳಿಕೆ ಕಳಚಿದರೆ ಕಥೆ ಮುಗಿಯಿತು. ಮರದಿಂದ ಬಿದ್ದವನಿಗಾದರೆ ಬೆನ್ನುಮೂಳೆ ಗಟ್ಟಿಯಿದೆಯೆಂದು ಸಿಟಿ ಹೇಳುವವರೆಗೆ ಮುಟ್ಟುವಂತಿಲ್ಲ. ಅದನ್ನು ಮೊದಲ ದಿನವೇ ಮಾಡಿಸಿಟ್ಟಿದ್ದರೆ ಮೂರನೆಯ ರಾತ್ರಿ ತಡಕಾಡಬೇಕಿಲ್ಲ.

ಸ್ಟೀರಾಯ್ಡ್ ಕುರಿತ ಜಗಳ ಐವತ್ತು ವರ್ಷದ್ದು. ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಸೋನ್ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿತೆಂದು 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ತೋರಿಸಿತು. ಬೇರೆ ಕಾರಣಗಳ ಎಆರ್‌ಡಿಎಸ್‌ನಲ್ಲಿ ಪುರಾವೆ ಅಷ್ಟು ಗಟ್ಟಿಯಿಲ್ಲ. ಎಕ್ಮೋ ಎಂಬ ಕೃತಕ ಶ್ವಾಸಕೋಶ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿದೆ. ಅದರ ಖರ್ಚು ಕೇಳಿದರೆ ತೋಟ ಮಾರಬೇಕಾದೀತು.

ಉಳಿದು ಬಂದವರ ಶ್ವಾಸಕೋಶ ಅಚ್ಚರಿಯೆನಿಸುವಷ್ಟು ಚೇತರಿಸಿಕೊಳ್ಳುತ್ತದೆ. ಕೆನಡಾದ ಮಾರ್ಗರೆಟ್ ಹೆರಿಡ್ಜ್ 109 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ಬರೆದರು: ಉಸಿರಿನ ಪರೀಕ್ಷೆಗಳು ಬಹುಮಟ್ಟಿಗೆ ಸಹಜಕ್ಕೆ ಮರಳಿದ್ದವು, ಆದರೆ ಕೆಲಸಕ್ಕೆ ಮರಳಿದ್ದವರು ಅರ್ಧದಷ್ಟು ಮಾತ್ರ. ತಡೆದದ್ದು ಸ್ನಾಯುಗಳ ಸವೆತ, ಸುಸ್ತು, ಮೂಳೆ ಕೀಲುಗಳ ಬಿಗಿತ. ಮೈತೂಕದ ಆರನೇ ಒಂದು ಪಾಲಿಗಿಂತ ಹೆಚ್ಚು ಆಸ್ಪತ್ರೆಯಲ್ಲೇ ಕರಗಿತ್ತು. ಕೈ, ಎದೆ, ತೊಡೆಯ ಬಲದಿಂದಲೇ ದುಡಿಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮದ್ದು ಡಿಸ್ಚಾರ್ಜ್ ಆದ ಮೇಲಲ್ಲ, ವೆಂಟಿಲೇಟರ್ ಇನ್ನೂ ನಡೆಯುತ್ತಿರುವಾಗಲೇ ಶುರುವಾಗಬೇಕು. 2009ರಲ್ಲಿ ಪ್ರಕಟವಾದ 104 ಮಂದಿಯ ಅಮೆರಿಕದ ಪ್ರಯೋಗದಲ್ಲಿ, ದಿನಕ್ಕೊಮ್ಮೆ ನಿದ್ದೆಯ ಔಷಧಿ ನಿಲ್ಲಿಸಿ, ಎಚ್ಚರವಾದವರನ್ನು ಕೂರಿಸಿ, ನಿಲ್ಲಿಸಿ, ಕೈಕಾಲು ಆಡಿಸಿದ ಗುಂಪಿನಲ್ಲಿ ಶೇಕಡ 59 ಮಂದಿ ಮನೆಗೆ ಹೋಗುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು. ಇನ್ನೊಂದು ಗುಂಪಿನಲ್ಲಿ ಶೇಕಡ 35. ವೈದ್ಯರು ಒಪ್ಪಿದ ಮೇಲೆ ಮನೆಯವರೂ ಕೈ ಜೋಡಿಸಬಹುದಾದ ಕೆಲಸ ಇದು: ಮಣಿಕಟ್ಟು, ಮೊಣಕಾಲು ಮಡಿಸಿ ಬಿಡಿಸುವುದು, ಬೆಳಿಗ್ಗೆ ಸಂಜೆ ಹತ್ತು ಹೆಜ್ಜೆ, ಊಟದಲ್ಲಿ ಗಂಜಿಯ ಬದಲು ಮೊಟ್ಟೆ, ಕಾಳು, ಮೊಸರು. ನಮ್ಮ ರೆಫರಲ್ ಚೀಟಿಗಳಲ್ಲಿ ಫಿಸಿಯೋಥೆರಪಿಗೆ ಒಂದು ಸಾಲು ಇರುವುದು ಅಪರೂಪ. ಡಿಸ್ಚಾರ್ಜ್ ಬರೆಯುವ ವೈದ್ಯರನ್ನು ಆ ಸಾಲಿಗಾಗಿ ಕೇಳಿ ಬರೆಸಿಕೊಳ್ಳಬೇಕು, ಮೂರು ತಿಂಗಳಿಗೆ ಮತ್ತೆ ತೋರಿಸಲು ತಾರೀಖನ್ನೂ.